ಕಾರಣ ಸಂಖ್ಯೆ ಹದಿನಾಲ್ಕು

ನಮ್ಮ ಮನೆಯಲ್ಲಿ ಯಾರಾದರೂ ಚಿಕ್ಕಪ್ಪನ ಮಾತೆತ್ತಿದರೆ ಅಪ್ಪ ಹೊಲಿಗೆ ಯಂತ್ರದ ಪೆಡಲನ್ನು ಜೋರಾಗಿ ತುಳಿಯುತ್ತಾನೆ. ಮಾತು ಆ ಸದ್ದಿನೊಳಗೆ ಬಿದ್ದು ಸತ್ತುಹೋಗುತ್ತದೆ. ಒಂಬತ್ತು ವರ್ಷದಿಂದ ಹೀಗೇ ನಡೆದಿದೆ. ಬಾಗಿಲ ಮೇಲಿನ ಬೋರ್ಡಿನಲ್ಲಿ ಮಾತ್ರ ಇಂದಿಗೂ 'ಸಹೋದರರ ಹೊಲಿಗೆ ಮನೆ' ಎಂದೇ ಇದೆ. ಇಳಿಸಿ ಬೇರೆ ಬರೆಸುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ ಎನ್ನುತ್ತಾನೆ ಅಪ್ಪ. ಆರು ಯಂತ್ರ ಇದ್ದಲ್ಲಿ ಎರಡು ಉಳಿದ ಮನೆಯಲ್ಲಿ ಪುರುಸೊತ್ತಿಗೇನು ಬರ.

ಜಗಳ ಹುಟ್ಟಿದ್ದು ಒಂದು ಟೆಂಡರಿನಿಂದ. ಸರಕಾರಿ ಆಸ್ಪತ್ರೆಗಳಿಗೆಲ್ಲ ಹಾಸಿಗೆ ಹೊದಿಕೆ ಹೊಲಿದುಕೊಡುವ ಕೆಲಸ ಅದು. ಸಿಕ್ಕಿದ್ದರೆ ಮೂರು ವರ್ಷ ಯಂತ್ರಗಳು ಉಸಿರಾಡಲೂ ನಿಲ್ಲುತ್ತಿರಲಿಲ್ಲ. ಮಾದರಿಯೆಂದು ಒಂದು ಹೊದಿಕೆಯನ್ನು ಮಧ್ಯಾಹ್ನ ಮೂರು ಗಂಟೆಯೊಳಗೆ ಕಚೇರಿಗೆ ಮುಟ್ಟಿಸಬೇಕಿತ್ತು. ಮುಟ್ಟಿಸಲು ಹೋದವನು ಚಿಕ್ಕಪ್ಪ. ಟೆಂಡರು ಕೈತಪ್ಪಿತು. 'ಇವನು ದಾರಿಯಲ್ಲಿ ಯಾವನ ಜೊತೆಗೋ ಹರಟೆ ಹೊಡೆದು ತಡ ಮಾಡಿದ, ಮನೆ ಮುಳುಗಿಸಿದ' ಎಂದ ಅಪ್ಪ. 'ಹೊತ್ತಿಗೆ ಮೊದಲೇ ಕೊಟ್ಟಿದ್ದೀನಿ, ರಸೀದಿ ನಿನ್ನ ಕೈಗೇ ಇಟ್ಟಿದ್ದೀನಿ' ಎಂದ ಚಿಕ್ಕಪ್ಪ. 'ಯಾವ ರಸೀದಿ?' ಎಂದ ಅಪ್ಪ. ಅಷ್ಟರಲ್ಲಿ ಮನೆ ಎರಡಾಯಿತು. ಹೊತ್ತಿಗೆ ಸರಿಯಾಗಿ ಕೊಟ್ಟೆ ಅನ್ನೋದಕ್ಕೆ ಸರಕಾರದ ಕಾಗದ ತರಲಿ, ಅವತ್ತೇ ಇವನ ಜೊತೆ ಕೂತು ಉಣ್ಣುತ್ತೇನೆ, ಅಲ್ಲಿಯ ತನಕ ಇವನ ನೆರಳೂ ಬೇಡ ಎಂದು ಅಪ್ಪ ಅಜ್ಜಿಯೆದುರು ಆಣೆ ಇಟ್ಟ. ಆಗ ನನಗೆ ಹನ್ನೊಂದು ವರ್ಷ.

ಈಗ ಅಜ್ಜಿ ಕಥೆಗಳನ್ನು ಮರೆಯುತ್ತಿದ್ದಾಳೆ. ಮೊದಲು ರಾಜಕುಮಾರನ ಕುದುರೆಯ ಬಣ್ಣ ಹೋಯಿತು. ಆಮೇಲೆ ಕುದುರೆಯೇ ಹೋಯಿತು, ಪಾಪ, ರಾಜಕುಮಾರ ನಡೆದುಕೊಂಡೇ ಹೊರಟ. ಹೋದ ತಿಂಗಳು ಏಳು ಜನ ಅಣ್ಣತಮ್ಮಂದಿರ ಕಥೆಯಲ್ಲಿ ಐವರೇ ಉಳಿದರು.

"ಇನ್ನಿಬ್ರು ಎಲ್ಲಜ್ಜಿ?" ಎಂದೆ.

"ಇರ್ತಾರೆ ಎಲ್ಲೋ. ಜಗಳ ಆಡ್ಕೊಂಡು ಹೋಗಿರ್ತಾರೆ," ಎಂದಳು. ನನ್ನ ಮಣಿಕಟ್ಟು ಹಿಡಿದುಕೊಂಡಳು. "ನನಗೆ ಇಬ್ರು ಗಂಡುಮಕ್ಕಳು ಅಂತ ನೆನಪಿರೋವಾಗ್ಲೇ ಅವರಿಬ್ರೂ ಒಟ್ಟಿಗೆ ಕೂತು ಉಣ್ಣೋದು ನೋಡ್ಬೇಕು ಕಣೇ. ಆಮೇಲೆ ನೋಡಿದ್ರೆ ಯಾರೋ ಇಬ್ರು ಗಂಡಸರು ಊಟ ಮಾಡಿದ್ದು ನೋಡ್ದಂಗೆ."

ಆ ಕಾಗದ ಹುಡುಕಿಯೇ ತೀರುತ್ತೇನೆಂದು ಅವತ್ತು ನಿಶ್ಚಯಿಸಿದೆ.

ನಾನು ಕೆಲಸ ಮಾಡುವುದು ಅರ್ಜಿ ತುಂಬಿಕೊಡುವ ಒಂದು ಅಂಗಡಿಯಲ್ಲಿ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಜೆರಾಕ್ಸ್ ಯಂತ್ರ, ಅದರ ಹಿಂದೆ ಒಡತಿ ಜೆರಾಕ್ಸಕ್ಕ. ಊರಿನ ಅರ್ಧ ಜನರ ಜನ್ಮದಿನಾಂಕ ಅವಳಿಗೆ ಬಾಯಿಪಾಠ. ಸರಕಾರದ ಖರೀದಿ ದಾಖಲೆಗಳೆಲ್ಲ ಒಂದು ಹಳೆಯ ಜಾಲತಾಣದಲ್ಲಿವೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು ಎಂದು ಹೇಳಿಕೊಟ್ಟವಳು ಅವಳೇ. ಆದರೆ ನಾನು ಪುಟ ತೆರೆದಾಗ ನೆತ್ತಿಯ ಮೇಲೆ ಕೆಂಪು ಅಕ್ಷರ ಓಡುತ್ತಿತ್ತು: ಹಳೆಯ ಕಡತಗಳು ಈ ತಿಂಗಳ ಮೂವತ್ತರವರೆಗೆ ಮಾತ್ರ ಲಭ್ಯ. ಅವತ್ತು ಇಪ್ಪತ್ತೊಂಬತ್ತು.

"ನಿನ್ನ ಹಣೆಬರಹ ಬರೆದೋನು ಕೊನೇ ನಿಮಿಷದಲ್ಲಿ ಅರ್ಜಿ ತುಂಬೋ ಗಿರಾಕಿ ಇರ್ಬೇಕು," ಎಂದಳು ಜೆರಾಕ್ಸಕ್ಕ.

ವರ್ಷ ಆರಿಸಬೇಕು, ತಿಂಗಳು ಆರಿಸಬೇಕು, ಇಲಾಖೆ ಆರಿಸಬೇಕು. ಸೊಟ್ಟಂಬಟ್ಟ ಅಕ್ಷರಗಳನ್ನು ನೋಡಿ ಹಾಗೆಯೇ ಟೈಪು ಮಾಡಿ ನಾನು ಮನುಷ್ಯಳೆಂದು ತೋರಿಸಬೇಕು. ಎರಡು ಸಲ ನಾನು ಮನುಷ್ಯಳಲ್ಲ ಎಂದಿತು. ಮೂರನೆಯ ಸಲ ಒಪ್ಪಿ, ಆ ತಿಂಗಳ ಕಡತವನ್ನು ನಾಲ್ಕು ತುಂಡು ಮಾಡಿ ಮುಂದಿಟ್ಟಿತು. ನಾಲ್ಕನ್ನೂ ಇಳಿಸಿಕೊಂಡ ಹೊರತು ಒಂದೂ ಬಿಚ್ಚುವುದಿಲ್ಲ. ಮೊದಲ ತುಂಡು ಬಂತು. ಎರಡನೆಯದೂ ಬಂತು. ಮೂರನೆಯದು ನೂರಕ್ಕೆ ತೊಂಬತ್ತೇಳರವರೆಗೆ ಬಂದು, ಹೊಸಿಲಲ್ಲಿ ಮುನಿಸಿಕೊಂಡ ನೆಂಟನ ಹಾಗೆ ಅಲ್ಲೇ ನಿಂತಿತು.

"ನೋಡ್ತಾ ಕೂರ್ಬೇಡ, ಅದಕ್ಕೆ ನಾಚಿಕೆ ಆಗುತ್ತೆ," ಎಂದು ಜೆರಾಕ್ಸಕ್ಕ ನನ್ನನ್ನು ಗಿರಾಕಿಗಳ ಕಡೆ ತಿರುಗಿಸಿದಳು. ನಾನು ಒಬ್ಬರ ವಿಳಾಸ ಬದಲಿಸಿದೆ, ಇನ್ನೊಬ್ಬರ ಗಂಡನ ಹೆಸರು ತಿದ್ದಿದೆ. ತಿರುಗಿ ನೋಡಿದರೆ ಸಂಪರ್ಕವೇ ಕಡಿದಿತ್ತು. ಮತ್ತೆ ಮೊದಲಿಂದ. ಅಜ್ಜಿಯ ಕಥೆಗಳಲ್ಲಿ ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಭರಣಿ, ಭರಣಿಯೊಳಗೆ ದುಂಬಿ, ದುಂಬಿಯಲ್ಲಿ ರಾಕ್ಷಸನ ಪ್ರಾಣ. ಅಲ್ಲಿ ಯಾವ ಪೆಟ್ಟಿಗೆಯೂ ತೊಂಬತ್ತೇಳಕ್ಕೆ ನಿಂತದ್ದು ನಾನು ಕೇಳಿಲ್ಲ.

ಹನ್ನೆರಡೂವರೆಗೆ ನಾಲ್ಕು ತುಂಡೂ ಸೇರಿ ಕಡತ ಬಿಚ್ಚಿತು. ನಲವತ್ತು ಸಾವಿರ ಸಾಲು. ಕುರ್ಚಿ, ಔಷಧ, ಜಲ್ಲಿ, ಬಲ್ಬು, ಬೀಗ. 'ಹಾಸಿಗೆ ಹೊದಿಕೆ' ಎಂದು ಹುಡುಕಿದೆ. ಏಳು ಜನ ಅರ್ಜಿದಾರರು. ಐದನೆಯ ಸಾಲು ನಮ್ಮದು, ಅಪ್ಪನ ಹೆಸರಿನಲ್ಲಿ. ಮಾದರಿ ಸ್ವೀಕೃತಿ ಎಂಬ ಕಾಲಂನಲ್ಲಿ ಅದೇ ದಿನಾಂಕ, ಪಕ್ಕದಲ್ಲಿ ವೇಳೆ: ಬೆಳಿಗ್ಗೆ ಹನ್ನೊಂದು ಇಪ್ಪತ್ತು.

ಮೂರು ಗಂಟೆಗಲ್ಲ, ಎರಡು ಐವತ್ತೊಂಬತ್ತಕ್ಕೂ ಅಲ್ಲ. ಹನ್ನೊಂದು ಇಪ್ಪತ್ತು! ನಾನು ಕುರ್ಚಿಯಿಂದೆದ್ದು ಜೆರಾಕ್ಸಕ್ಕನನ್ನು ತಬ್ಬಿಕೊಂಡೆ. ಅವಳ ಕೈಯಲ್ಲಿದ್ದ ಯಾರದೋ ಮದುವೆಯ ಪ್ರಮಾಣಪತ್ರ ಮುದುರಿತು.

"ಬಿಡೇ, ಬಿಡೇ. ಸಾಲು ಪೂರ್ತಿ ಓದಿದ್ಯಾ? ಅರ್ಧ ಕಥೆ ಹಿಡ್ಕೊಂಡು ಮನೆಗೆ ಹೋಗ್ಬೇಡ. ಹೊತ್ತಿಗೆ ಸರಿಯಾಗಿ ಕೊಟ್ರೆ ಯಾಕೆ ಕೈ ತಪ್ಪಿತು?"

ಬಲಕ್ಕೆ ಸರಿಸಿದೆ. ಫಲಿತಾಂಶ: ತಿರಸ್ಕೃತ. ಕಾರಣ ಸಂಖ್ಯೆ: ೧೪. ಹದಿನಾಲ್ಕು ಎಂದರೇನೆಂದು ಆ ಕಡತ ಹೇಳಲಿಲ್ಲ. ಕಾರಣಗಳ ಪಟ್ಟಿ ಬೇರೆಯೇ ಒಂದು ಕಡತ, ಅದಕ್ಕೆ ಬೇರೆಯೇ ಸೊಟ್ಟ ಅಕ್ಷರ. ಅದು ಪುಟ್ಟದು, ಕಣ್ಣುಮುಚ್ಚಿ ತೆರೆಯುವುದರಲ್ಲಿ ಬಂತು. ಹದಿನಾಲ್ಕು: ಮಾದರಿಯೊಂದಿಗೆ ದರ ಬಹಿರಂಗ.

"ಅಯ್ಯೋ," ಎಂದಳು ಜೆರಾಕ್ಸಕ್ಕ. ಇಂಥ ಎಷ್ಟೋ ಟೆಂಡರು ತುಂಬಿದ ಕೈ ಅವಳದು. "ಇದಕ್ಕೆ ಎರಡು ಲಕೋಟೆ ಇರುತ್ತೆ ಕಣೇ. ಮೊದಲನೇದ್ರಲ್ಲಿ ವಸ್ತು, ಎರಡನೇದ್ರಲ್ಲಿ ದರ. ವಸ್ತು ಪಾಸಾದ್ಮೇಲೇ ದರದ ಲಕೋಟೆ ಬಿಚ್ಚೋದು. ದರ ಮೊದಲೇ ಕಣ್ಣಿಗೆ ಬಿತ್ತೋ, ಅಲ್ಲಿಗೇ ಮುಗೀತು. ನಿಮ್ಮೋರು ಯಾರೋ ಹೊದಿಕೆ ಮೇಲೇ ದರ ಬರೆದು ಕಳಿಸಿದಾರೆ. ಯಾರಾದ್ರೂ ಹಂಗೆ ಮಾಡ್ತಾರಾ?"

ನಾವು ಮಾಡುತ್ತೇವೆ. ನಮ್ಮಲ್ಲಿ ಚೀಟಿಯಿಲ್ಲದ ಬಟ್ಟೆ ಹೊಸಿಲು ದಾಟುವುದಿಲ್ಲ. ಯಾವ ಕಾಲದಲ್ಲೋ ಇಬ್ಬರ ಕೋಟು ಅದಲುಬದಲಾಗಿ ಒಬ್ಬ ವರ ಮೊಣಕಾಲಿನವರೆಗೆ ಇಳಿಬಿದ್ದ ಕೋಟಿನಲ್ಲಿ ಮದುವೆಯಾದನಂತೆ. ಅಂದಿನಿಂದ ಅಜ್ಜ ಮಾಡಿದ ಕಟ್ಟಳೆ ಇದು. ಅಳತೆ, ದರ ಎರಡನ್ನೂ ನೀಲಿ ಪೆನ್ಸಿಲಿನಲ್ಲಿ ಚೀಟಿಗೆ ಬರೆದು ಬಟ್ಟೆಗೆ ಚುಚ್ಚಬೇಕು. ಗಿರಾಕಿಯ ಕೈ ಸೇರುವ ತನಕ ಅದನ್ನು ಯಾರೂ ತೆಗೆಯಬಾರದು. ಶಾಲೆ ಬಿಟ್ಟು ಬಂದಮೇಲೆ ಚೀಟಿ ಚುಚ್ಚುವುದು ನನ್ನ ಕೆಲಸವಾಗಿತ್ತು.

ಸಾಲಿನಲ್ಲಿ ಇನ್ನೂ ಒಂದು ಕಾಲಂ ಉಳಿದಿತ್ತು. ತಿರಸ್ಕಾರದ ಕಾರಣ ಅರ್ಜಿದಾರರಿಗೆ ತಿಳಿಸಲಾಗಿದೆಯೇ: ಹೌದು. ಖುದ್ದು ಸ್ವೀಕರಿಸಿ ಸಹಿ ಮಾಡಿದ್ದಾರೆ. ದಿನಾಂಕ, ಮಾದರಿ ಕೊಟ್ಟ ನಾಲ್ಕನೆಯ ದಿನ.

ಚಿಕ್ಕಪ್ಪನನ್ನು ಮನೆಯಿಂದ ಹೊರಗೆ ಹಾಕಿದ್ದು ಆರನೆಯ ದಿನ. ಅವತ್ತು ನನ್ನ ಹುಟ್ಟುಹಬ್ಬ, ಅದಕ್ಕೇ ನೆನಪಿದೆ.

ಎರಡು ಹಾಳೆ ಅಚ್ಚು ಹಾಕಿಕೊಂಡೆ. ಮೊದಲನೆಯದರಲ್ಲಿ ವೇಳೆಯ ತನಕ, ಎರಡನೆಯದರಲ್ಲಿ ಉಳಿದದ್ದು. ನೆಟ್ಟಗೆ ಚಿಕ್ಕಪ್ಪನಲ್ಲಿಗೆ ಹೋದೆ. ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ ಅವನದೊಂದು ತಗಡಿನ ಗೂಡು. ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾನೆ. ಮೇಲೆ ಜನ ಹತ್ತಿ ಇಳಿಯುವಾಗಲೆಲ್ಲ ಅವನ ತಲೆಗೆ ಧೂಳು ಉದುರುತ್ತದೆ.

"ಏನೇ ಗುಂಡುಪಿನ್ನು, ಮುಖ ಸಾಣೆ ಹಿಡಿಸಿಕೊಂಡು ಬಂದಿದೀಯ?" ಎಂದ. ಬೇರೆ ಯಾರೂ ನನ್ನನ್ನು ಹಾಗೆ ಕರೆಯುವುದಿಲ್ಲ.

ಹಾಳೆಗಳನ್ನು ಕೊಟ್ಟೆ. ಎಣ್ಣೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಓದಿದ. ಹನ್ನೊಂದು ಇಪ್ಪತ್ತರ ಹತ್ತಿರ ಬೆರಳು ನಿಂತಿತು. ಹದಿನಾಲ್ಕಕ್ಕೆ ಬಂದಾಗ ಅವನಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ.

"ನಿನಗೆ ಗೊತ್ತಿತ್ತಾ?"

"ಬಸ್ಸಲ್ಲಿ ಪೊಟ್ಟಣದ ಮೂಲೆ ಬಿಚ್ಚಿಕೊಳ್ತು. ಚೀಟಿ ಕಂಡಿತು. ಇದು ಇರಬಾರದೇನೋ ಅಂತ ಒಂದು ಗಳಿಗೆ ಅನ್ನಿಸ್ತು. ಆದ್ರೆ ಅಣ್ಣ ಬರೆದ ಚೀಟೀನ ದಾರೀಲಿ ಕೀಳೋದಾ? ಯಾರ ಮನೇಲಿ ಹುಟ್ಟಿದೀನಿ ನಾನು? ಹಂಗೇ ಮಡಚಿ ಕೊಟ್ಟೆ."

"ಮತ್ತೆ ಒಂಬತ್ತು ವರ್ಷ ಯಾಕೆ ಸುಮ್ನಿದ್ದೆ ಮಾರಾಯ?"

"ಅದೇ ಕಾರಣ ಅಂತ ನಂಗೇನು ಗೊತ್ತಿತ್ತು? ಅನುಮಾನ ಇತ್ತು, ಅಷ್ಟೇ. ಅನುಮಾನ ಹಿಡ್ಕೊಂಡು ಅಣ್ಣನ ಎದುರು ನಿಲ್ಲೋಕಾಗುತ್ತಾ?" ಎಂದು ಎರಡನೆಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ತುರುಕಿದ. "ಇದನ್ನ ತೋರಿಸ್ಬೇಡ. ವೇಳೆ ಇರೋ ಹಾಳೆ ಸಾಕು. ಅಣ್ಣ ಕೇಳಿದ್ದು ಅದನ್ನೇ ತಾನೆ? ಅವನ ಮಾತೂ ಉಳೀಲಿ, ಮುಖಾನೂ ಉಳೀಲಿ. ಅಮ್ಮನ ಎದುರು ಅವನನ್ನ ಬೆತ್ತಲೆ ಮಾಡಿ ನಾನು ಯಾವ ಸುಖಕ್ಕೆ ಉಣ್ಲಿ?"

ಅವನು ಹೇಳಿದ ಹಾಗೇ ಮಾಡೋಣವೆಂದುಕೊಂಡೆ. ಸಂಜೆ ಅಪ್ಪ ಅಜ್ಜಿಯ ಕೋಣೆಯಲ್ಲಿ ಕೂತು ಗುಂಡಿ ಹಾಕುತ್ತಿದ್ದ. ಅಮ್ಮ ಬಾಗಿಲಲ್ಲಿದ್ದಳು. ಮೊದಲ ಹಾಳೆಯನ್ನು ಅಪ್ಪನ ತೊಡೆಯ ಮೇಲಿಟ್ಟೆ.

"ಏನಿದು?"

"ಸರಕಾರದ ಕಾಗದ. ಚಿಕ್ಕಪ್ಪ ಹನ್ನೊಂದು ಇಪ್ಪತ್ತಕ್ಕೇ ಕೊಟ್ಟಿದಾನೆ."

ಅಪ್ಪ ಓದಿದ. ದಾರವನ್ನು ಹಲ್ಲಿನಲ್ಲಿ ಕಡಿದ. ಅಜ್ಜಿ ದಿಂಬಿನಿಂದ ತಲೆಯೆತ್ತಿ, "ಅಂದ್ರೆ ಬರ್ತಾನಾ? ಯಾವತ್ತು ಬರ್ತಾನೆ?" ಎಂದಳು.

"ತಡಿಯಮ್ಮ," ಎಂದ ಅಪ್ಪ. "ಇದು ಜೆರಾಕ್ಸ್ ಅಂಗಡಿ ಕಾಗದ. ಅಲ್ಲಿ ಕೂತು ಯಾರು ಏನು ಬೇಕಾದ್ರೂ ಟೈಪ್ ಮಾಡ್ಬಹುದು. ಇವಳಿಗೆ ಮೊದಲಿಂದ್ಲೂ ಚಿಕ್ಕಪ್ಪ ಅಂದ್ರೆ ಚಂದ್ರ, ನಾನು ಅಂದ್ರೆ ಗ್ರಹಣ. ಅಲ್ಲಾ, ಹೊತ್ತಿಗೆ ಕೊಟ್ಟಿದ್ರೆ ಟೆಂಡರ್ ಯಾಕೆ ಹೋಯ್ತು? ಅದನ್ನ ಬರೆದಿಲ್ವಾ ನಿನ್ನ ಸರಕಾರ?"

ಅವನು ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದ. ಏನು ಬರೆದಿದೆ ಎಂದು ತಿಳಿದವನು, ಅದು ನನಗೆ ಸಿಕ್ಕಿಲ್ಲವೆಂದು ನಂಬಿ ಕೇಳುವ ಪ್ರಶ್ನೆ ಅದು. ಆ ಧೈರ್ಯ ನೋಡಿ ನನ್ನ ಮೈಯೆಲ್ಲ ಉರಿಯಿತು. ಜಂಪರಿನೊಳಗಿಂದ ಎರಡನೆಯ ಹಾಳೆ ತೆಗೆದು ಬಿಡಿಸಿ ಮೊದಲನೆಯದರ ಪಕ್ಕ ಇಟ್ಟೆ.

"ಬರೆದಿದೆ. ನಿನ್ನ ಸಹೀನೂ ಇದೆ."

ಸೂಜಿ ನಿಂತಿತು. ಹಾಳೆಯ ಮೇಲೆ ಅಪ್ಪನ ಕಣ್ಣು ಹೋಗಿ ಬಂತು. ನಾನು ಕಾದೆ. ಅವನು ಅಳಬಹುದು, ಕೂಗಾಡಬಹುದು, ಎದ್ದು ಹೊರಗೆ ನಡೆದುಬಿಡಬಹುದು, ಏನೇ ಆದರೂ ಇನ್ನು ಮುಗಿಯಿತು ಎಂದುಕೊಂಡೆ. ಅವನು ಗುಂಡಿಯ ತೂತಿಗೆ ಮತ್ತೆ ಸೂಜಿ ಕೊಟ್ಟು, ತಲೆ ಎತ್ತದೆ, ಹವೆಯ ಬಗ್ಗೆ ಮಾತಾಡುವ ದನಿಯಲ್ಲಿ ಹೇಳಿದ:

"ಆಗ ನಮ್ಮಲ್ಲಿ ಚೀಟಿ ಚುಚ್ಚೋಳು ಯಾರು ಅಂತಾನೂ ಬರೆದಿದೆಯಾ?"

ಆಮೇಲೆ ಅಜ್ಜಿಯ ಕಡೆ ತಿರುಗಿದ.

"ಮಗು, ಆಡ್ತಾ ಆಡ್ತಾ ಚುಚ್ಚಿರ್ತಾಳೆ ಅಂತ ಹೊಟ್ಟೇಲಿ ಹಾಕ್ಕೊಂಡೆ. ಮಗಳ ಹೆಸರು ಕೆಡಬಾರದು ಅಂತ ಇಷ್ಟು ವರ್ಷ ಬಾಯಿ ಬಿಡ್ಲಿಲ್ಲ. ಇವತ್ತು ಅವಳೇ ಕಾಗದ ತಂದು ನನ್ನ ಮುಖಕ್ಕೆ ಹಿಡೀತಾಳೆ. ನೋಡಮ್ಮ, ನೋಡು ನಿನ್ನ ಮೊಮ್ಮಗಳನ್ನ."

ನಾನು ಅಮ್ಮನ ಕಡೆ ನೋಡಿದೆ. ಒಲೆಯ ಮೇಲೆ ಏನೋ ಇದೆ ಎಂದು ಅವಳು ಒಳಗೆ ಹೋದಳು. ಒಲೆ ಹೊತ್ತಿಸಿಯೇ ಇರಲಿಲ್ಲ.

ಒಬ್ಬ ಮನುಷ್ಯ ಒಂದು ಮಾತಿನಲ್ಲಿ ಮನೆಯಿಂದ ಹೊರಗಾಗುವುದು ಹೇಗೆಂದು ನನಗೆ ಆಗ ಗೊತ್ತಾಯಿತು. ಅದಕ್ಕಿಂತ ಕೆಟ್ಟದ್ದು, ನಾನೇ ನನ್ನನ್ನು ನಂಬಲಾರದೆ ಹೋದದ್ದು. ಸಾವಿರಾರು ಚೀಟಿ ಚುಚ್ಚಿದ ಕೈ. ಆ ಒಂದು ಹೊದಿಕೆಯನ್ನು ಮುಟ್ಟಿರಲಿಲ್ಲ ಎಂದು ಹೇಗೆ ಹೇಳಲಿ?

ಮಾದರಿಗಳನ್ನು ಸ್ವೀಕರಿಸುವಾಗ ಫೋಟೊ ತೆಗೆಯುತ್ತಿದ್ದರು. ಆ ಜಾಲತಾಣದಲ್ಲಿ ಚಿತ್ರಗಳದ್ದೇ ಬೇರೆ ಕಡತ ಇದೆಯೆಂದು ಅವತ್ತು ಬೆಳಿಗ್ಗೆಯೇ ಕಂಡಿದ್ದೆ, ಇಪ್ಪತ್ತಮೂರು ತುಂಡು. ಮರುದಿನ ಮೂವತ್ತನೆಯ ತಾರೀಖು. ಜೆರಾಕ್ಸಕ್ಕ ಬೀಗ ತೆಗೆಯುವ ಮೊದಲೇ ಅಂಗಡಿಯ ಮೆಟ್ಟಿಲ ಮೇಲಿದ್ದೆ.

"ಇಡೀ ದೇಶವೇ ಇವತ್ತು ಇಳಿಸ್ಕೊಳ್ತಾ ಇರುತ್ತೆ, ಸಿಗೋದು ಡೌಟು," ಎಂದರೂ ಅವಳು ಎರಡೂ ಕಂಪ್ಯೂಟರುಗಳನ್ನು ನನಗೇ ಬಿಟ್ಟಳು. ಬಂದ ಗಿರಾಕಿಗಳಿಗೆಲ್ಲ, "ಸರ್ವರ್ ಡೌನು, ಮಧ್ಯಾಹ್ನದ ಮೇಲೆ ಬನ್ನಿ," ಎಂದು ರಾಗವಾಗಿ ಹೇಳಿ ಕಳಿಸಿದಳು.

ಐದನೆಯ ತುಂಡು ಇಳಿಯುತ್ತಿರುವಾಗ ತಡೆಯಲಾರದೆ ಚಿಕ್ಕಪ್ಪನಿಗೆ ಫೋನು ಮಾಡಿದೆ. "ಎರಡನೇ ಹಾಳೆ ತೋರಿಸ್ಬಿಟ್ಟೆ. ಚೀಟಿ ಚುಚ್ಚಿದ್ದು ನಾನು ಅಂತಾನೆ ಅಪ್ಪ."

ಆ ಕಡೆ ಮೆಟ್ಟಿಲ ಮೇಲೆ ಜನ ಓಡುವ ಸದ್ದು ಕೇಳುತ್ತಿತ್ತು.

"ಆಗ ನಿಂಗೆಷ್ಟು ವಯಸ್ಸು?"

"ಹನ್ನೊಂದು. ಚಿಕ್ಕಪ್ಪ, ನಿಜವಾಗ್ಲೂ ನಾನಾ?"

"ಹುಚ್ಚಿ. ನೀನು ನಿನ್ನ ಕೆಲಸ ನೋಡು," ಎಂದು ಇಟ್ಟುಬಿಟ್ಟ.

ಹನ್ನೆರಡನೆಯ ತುಂಡು ಎರಡು ಸಲ ಬಿತ್ತು. ಹತ್ತೊಂಬತ್ತನೆಯದಕ್ಕೆ ಕರೆಂಟು ಹೋಗಿ, ಜೆರಾಕ್ಸಕ್ಕ ಪಕ್ಕದ ಔಷಧಿ ಅಂಗಡಿಯಿಂದ ತಂತಿ ಎಳೆದಳು. ಇಪ್ಪತ್ತಮೂರೂ ಸೇರಿ ಬಿಚ್ಚಿದಾಗ ಮಧ್ಯಾಹ್ನ ಒಂದು ಗಂಟೆ. ಐದನೆಯ ಅರ್ಜಿದಾರ, ಮಾದರಿ, ಚಿತ್ರ ಒಂದು.

ಬಿಳಿಯ ಹೊದಿಕೆ. ಮೂಲೆಯಲ್ಲಿ ಚೀಟಿ. ನೀಲಿ ಪೆನ್ಸಿಲಿನಲ್ಲಿ ಅಳತೆ, ಅದರ ಕೆಳಗೆ ದರ, ದರದ ಕೆಳಗೆ ಎರಡು ಗೀಟು. ಅಪ್ಪನ ಕೈಬರಹ. ಅದಿರಲಿ, ಬರೆದವನು ಅವನು, ಚುಚ್ಚಿದವಳು ನಾನೇ ಇರಬಹುದಲ್ಲ? ಚಿತ್ರವನ್ನು ದೊಡ್ಡದು ಮಾಡಿದೆ. ಗುಂಡುಪಿನ್ನು ಬಟ್ಟೆಗೆ ಓರೆಯಾಗಿ ಹೋಗಿ ಚೀಟಿಯ ನೆತ್ತಿಯಲ್ಲಿ ಮೊನೆ ತೋರಿಸಿಕೊಂಡು ನಿಂತಿತ್ತು. ಮೊನೆ ಯಾರಿಗೂ ತಾಗಬಾರದು ಎಂದು ಚಿಕ್ಕಪ್ಪ ನನಗೆ ಪಿನ್ನನ್ನು ನೆಟ್ಟಗೆ ಕೆಳಮುಖವಾಗಿ ಚುಚ್ಚಿ, ತುದಿಯನ್ನು ಬಟ್ಟೆಯೊಳಗೆ ಅಡಗಿಸಲು ಕಲಿಸಿದ್ದ. ನನಗೆ ಬೇರೆ ರೀತಿ ಬರುವುದೇ ಇಲ್ಲ. ಓರೆಯಾಗಿ, ಮೊನೆ ಹೊರಗೆ ಬಿಟ್ಟು ಚುಚ್ಚುವವನು ಮನೆಯಲ್ಲಿ ಅಪ್ಪ ಒಬ್ಬನೇ. ಎಷ್ಟು ಗಿರಾಕಿಗಳು ಬೆರಳು ಚೀಪುತ್ತಾ ಅವನನ್ನು ಬೈದಿಲ್ಲ!

ಚಿತ್ರವನ್ನು ಫೋನಿಗೆ ಹಾಕಿಕೊಂಡು ಮನೆಯ ಕಡೆ ಓಡಿದೆ.

ಬಾಗಿಲಲ್ಲಿ ಎಣ್ಣೆ ಕಲೆಯ ಚಪ್ಪಲಿ ಬಿಟ್ಟಿತ್ತು.

ಒಳಗೆ ಅಜ್ಜಿಯ ಕೋಣೆಯಲ್ಲಿ ಅಪ್ಪ ಕುರ್ಚಿಯಲ್ಲಿ ಕೂತಿದ್ದ. ಚಿಕ್ಕಪ್ಪ ನಿಂತಿದ್ದ. ಒಗೆದ ಅಂಗಿ ಹಾಕಿಕೊಂಡಿದ್ದ. ಮಡಿಕೆಯ ಗೆರೆ ಇನ್ನೂ ಹಾಗೆಯೇ ಇತ್ತು.

"ನಾನೇ ಅಣ್ಣ," ಎನ್ನುತ್ತಿದ್ದ. "ಬಸ್ಸಲ್ಲಿ ಪೊಟ್ಟಣ ಬಿಚ್ಚಿಕೊಳ್ತು. ಚೀಟಿ ಇಲ್ಲದೆ ಹೆಂಗೆ ಕೊಡೋದು ಅಂತ ಜೇಬಲ್ಲಿದ್ದ ಒಂದು ಚೀಟಿ ನಾನೇ ಚುಚ್ಚಿದೆ. ಮಗೂಗೂ ಅದಕ್ಕೂ ಸಂಬಂಧ ಇಲ್ಲ. ಅವಳನ್ನ ಬಿಟ್ಬಿಡು."

ಎಷ್ಟು ಹಸಿ ಸುಳ್ಳು. ಚಿಕ್ಕಮಕ್ಕಳೂ ಒಪ್ಪದ ಸುಳ್ಳು. ಅದು ಸುಳ್ಳೆಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ನಿಟ್ಟುಸಿರು ಬಿಟ್ಟು, ಕುರ್ಚಿಯಿಂದ ಎದ್ದು, ತಮ್ಮನ ಹೆಗಲ ಮೇಲೆ ಕೈ ಇಟ್ಟ.

"ಇಷ್ಟು ಹೇಳೋಕೆ ನಿಂಗೆ ಒಂಬತ್ತು ವರ್ಷ ಬೇಕಾಯ್ತು. ಇರ್ಲಿ ಬಿಡು. ಒಡಹುಟ್ಟಿದೋನು ನೀನು, ಎಲ್ಲಿ ಬಿಸಾಕ್ಲಿ? ನಾನು ಯಾವುದನ್ನೂ ಮನಸ್ಸಲ್ಲಿ ಇಟ್ಕೊಳ್ಳೋ ಜಾತಿಯೋನಲ್ಲ."

ನಾನು ಫೋನು ಹಿಡಿದ ಕೈಯನ್ನು ಮುಂದೆ ಚಾಚಿದೆ. ಅಪ್ಪ ನೋಡಲಿಲ್ಲ. ಚಿಕ್ಕಪ್ಪ ನೋಡಿದ. ಬೇಡ ಎಂದು ಕಣ್ಣಲ್ಲೇ ಹೇಳಿ, ಅಜ್ಜಿಯ ಕಡೆ ಗದ್ದ ತಿರುಗಿಸಿದ.

ಅಜ್ಜಿ ಮಂಚದಿಂದ ಇಳಿಯುತ್ತಿದ್ದಳು. ಮೂರು ತಿಂಗಳಿಂದ ಯಾರೂ ಹಿಡಿಯದೆ ಇಳಿದವಳಲ್ಲ. "ತಪ್ಪು ಒಪ್ಕೊಂಡ್ನಲ್ಲ, ಮುಗೀತು," ಎಂದಳು. "ಹೋಗೇ, ತಟ್ಟೆ ಹಾಕು. ಇಬ್ರಿಗೂ ಪಕ್ಕಪಕ್ಕಕ್ಕೇ ಹಾಕು. ದೊಡ್ಡೋನ ಬಲಕ್ಕೆ ಚಿಕ್ಕೋನು. ಅವನು ಎಡಗಡೆ ಕೂತ್ರೆ ಮೊಣಕೈ ತಾಗಿಸ್ಕೊಂಡು ಜಗಳ ಆಡ್ತಾನೆ."

ಅದೊಂದನ್ನು ಅವಳು ಮರೆತಿರಲಿಲ್ಲ.

ಇಬ್ಬರೂ ಕೂತರು. ಅಮ್ಮ ಪಾತ್ರೆಗಳನ್ನು ತಂದಿಟ್ಟು ಯಾರ ಮುಖವನ್ನೂ ನೋಡದೆ ಒಳಗೆ ಹೋದಳು. ಅಜ್ಜಿ ಎದುರಿಗೆ ಕೂತು, ಬಾಯಿ ಸ್ವಲ್ಪ ತೆರೆದುಕೊಂಡು, ಇವನ ತುತ್ತು ಅವನ ತುತ್ತು ನೋಡಿದಳು. ಅಂಥ ಮುಖವನ್ನು ನಾನು ಯಾವ ಕಥೆಯ ಕೊನೆಯಲ್ಲೂ ಅವಳಲ್ಲಿ ಕಂಡಿರಲಿಲ್ಲ. ನನ್ನ ಬೆರಳು ಫೋನಿನ ಮೇಲೇ ಇತ್ತು. ಒಂದು ಸಲ ಒತ್ತಿದರೆ ಸಾಕು, ಚಿತ್ರ ಬೆಳಗುತ್ತದೆ. ಆ ಮುಖ ಆರುತ್ತದೆ.

ಅಪ್ಪ ಹದವಾಗಿ ಉಂಡ. ಮನಸ್ಸು ಹಗುರಾದವರ ಊಟ. ಅರ್ಧಕ್ಕೆ ನಿಲ್ಲಿಸಿ, "ಬೇಕಾದ್ರೆ ನಾಳೆಯಿಂದ ಬಾ. ಎರಡನೇ ಯಂತ್ರ ಖಾಲಿ ಇದೆ," ಎಂದ ತಮ್ಮನಿಗೆ. "ಆದ್ರೆ ಹೊರಗಡೆ ಕೊಟ್ಟು ಬರೋ ಕೆಲಸ ಮಾತ್ರ ನಿಂಗೆ ಹಚ್ಚಲ್ಲಪ್ಪ."

"ಹ್ಞೂಂ ಅಣ್ಣ," ಎಂದ ಚಿಕ್ಕಪ್ಪ.

ಅಪ್ಪ ನನ್ನತ್ತ ತಿರುಗಿದ. ಅವನ ಕಣ್ಣಲ್ಲಿ ಅಳುಕಿರಲಿಲ್ಲ. ಅದೇ ನನ್ನನ್ನು ಹೆದರಿಸಿತು. ಅವನು ಆಗಲೇ ಆ ಸುಳ್ಳನ್ನು ನಂಬಿಬಿಟ್ಟಿದ್ದ.

"ನೋಡಿ ಕಲಿತ್ಕೋ. ತಪ್ಪು ಒಪ್ಪಿಕೊಳ್ಳೋಕೂ ಎದೆ ಬೇಕು. ನಿಂತ್ಕೊಂಡೇನ್ ನೋಡ್ತೀಯ, ಬಡಿಸು ನಿಮ್ಮ ಚಿಕ್ಕಪ್ಪಂಗೆ."

ಬಡಿಸಿದೆ. ಕೈ ತಡೆಯಲಿಲ್ಲ, ತಟ್ಟೆ ತುಂಬಿ ಅಂಚಿನಿಂದ ಚೆಲ್ಲುವಷ್ಟು ಬಡಿಸಿದೆ. ಚಿಕ್ಕಪ್ಪ ಸಾಕು ಎನ್ನಲಿಲ್ಲ. ತಲೆ ತಗ್ಗಿಸಿಕೊಂಡು ಎಲ್ಲವನ್ನೂ ತಿಂದ.